ನಿಮಗಿದು ಗೊತ್ತೇ? ಸಂತೆಯ ನಡುವೆ ನಿಂತ ಮ್ಯಾಜಿಸ್ಟ್ರೇಟ್

ಇನ್ನೂರು ವರ್ಷಗಳ ಹಿಂದಿನ ಐರ್ಲೆಂಡ್. ಸಂತೆಯ ದಿನ ದನದ ವ್ಯಾಪಾರ ಮುಗಿಯುವ ಹೊತ್ತಿಗೆ ಎರಡು ಬಣಗಳು ದೊಣ್ಣೆ ಹಿಡಿದು ಎದುರಾದರೆ, ನಡುವೆ ಹೋಗಿ ನಿಲ್ಲಬೇಕಾದವನು ಆ ಸೀಮೆಯ ಮ್ಯಾಜಿಸ್ಟ್ರೇಟ್. ಅವನ ಕೈಯಲ್ಲಿದ್ದ ಆಯುಧ ಯಾವುದು ಗೊತ್ತೇ? ಒಂದು ಕಾಗದ!

1787ರ ಐರಿಷ್ ದೊಂಬಿ ಕಾಯ್ದೆಯ ಪ್ರಕಾರ 12 ಅಥವಾ ಅದಕ್ಕಿಂತ ಹೆಚ್ಚು ಜನ ಶಾಂತಿ ಕದಡುವಂತೆ ಸೇರಿದರೆ, ಚದುರಿಹೋಗಿ ಎಂಬ ಘೋಷಣೆಯನ್ನು ಅವನು ಗಟ್ಟಿಯಾಗಿ ಓದಬೇಕಿತ್ತು. ಓದಿ ಒಂದು ಗಂಟೆ ಕಳೆದ ಮೇಲೂ ಅಲ್ಲೇ ನಿಂತವರ ಕೊರಳಿಗೆ ನೇಣೇ ಬೀಳಬಹುದಿತ್ತು. ಇಂಗ್ಲೆಂಡಿನ ಕಾಯ್ದೆಯಲ್ಲೂ ಇದೇ ಗಡುವು. ಅಲ್ಲಿ 1830ರ ಒಂದು ಮೊಕದ್ದಮೆಯಲ್ಲಿ, ಘೋಷಣೆಯ ಕೊನೆಗೆ ಬರುವ ‘ದೇವರು ರಾಜನನ್ನು ಕಾಪಾಡಲಿ’ ಎಂಬ ಮಾತನ್ನು ಓದಲಿಲ್ಲವೆಂಬ ಕಾರಣಕ್ಕೆ ಆರೋಪಿಗಳ ಮೇಲೆ ಆ ಕಾಯ್ದೆಯೇ ಅನ್ವಯಿಸಲಿಲ್ಲ. ಒಂದೇ ಮಾತು ಬಿಟ್ಟಿದ್ದಕ್ಕೆ ಆ ಕಾಯ್ದೆಯ ನೇಣು ತಪ್ಪಿತು. ನಾವು ‘ಮಂಗಳಾರತಿ ಮಾಡಿದ’ ಎನ್ನುವ ಕಡೆ ಇಂಗ್ಲಿಷರು ಇವತ್ತಿಗೂ ‘ರಯಟ್ ಆ್ಯಕ್ಟ್ ಓದಿದ’ ಎನ್ನುತ್ತಾರೆ. ಆ ಮಾತು ಹುಟ್ಟಿದ್ದು ಇಲ್ಲಿಂದ.

ಐರ್ಲೆಂಡಿನ ಈ ಮ್ಯಾಜಿಸ್ಟ್ರೇಟರಿಗೆ ಸಂಬಳವಿರಲಿಲ್ಲ. ಹೆಚ್ಚಿನವರು ಅಲ್ಲಿನ ಜಮೀನ್ದಾರರೇ, ಪ್ರೊಟೆಸ್ಟಂಟರೇ. ಎದುರಿಗೆ ನಿಂತವರು ಬಹುಪಾಲು ಕ್ಯಾಥೊಲಿಕ್ ಗೇಣಿದಾರರು. ಗೇಣಿ ಕೇಳುವವನೂ ಅವನೇ, ತೀರ್ಪು ಕೊಡುವವನೂ ಅವನೇ. ಎಷ್ಟೋ ಕಡೆ ವಿಚಾರಣೆ ನಡೆಯುತ್ತಿದ್ದುದು ಅವನ ಮನೆಯಲ್ಲೇ! ಹಲವು ಮ್ಯಾಜಿಸ್ಟ್ರೇಟರು ಒಟ್ಟಿಗೆ ಕೂತು ಬಹಿರಂಗವಾಗಿ ವಿಚಾರಿಸುವ ‘ಪೆಟಿ ಸೆಷನ್ಸ್’ ಕೋರ್ಟುಗಳಿಗೆ ಕಾಯ್ದೆಯ ಬಲ ಬಂದದ್ದು 1827ರಲ್ಲಿ.

ಬಣಗಳ ಹೆಸರು ಕೇಳಿದ್ದೀರಾ? ಟಿಪ್ಪರರಿ ಸೀಮೆಯಲ್ಲಿ ‘ಕ್ಯಾರವ್ಯಾಟ್’ ಮತ್ತು ‘ಶಾನವೆಸ್ಟ್’ ಎಂಬ ಎರಡು ಬಣಗಳಿದ್ದವು. ಕ್ಲಾನ್‌ಮೆಲ್ ಪಟ್ಟಣದಲ್ಲಿ ನಿಕೊಲಸ್ ಹ್ಯಾನ್ಲಿ ಎಂಬವನನ್ನು ಗಲ್ಲಿಗೇರಿಸಿದಾಗ ಅವನ ಎದುರಾಳಿಗಳು ನೇಣುಹಗ್ಗವನ್ನು ಕೊರಳವಸ್ತ್ರಕ್ಕೆ, ಅಂದರೆ ಕ್ರಾವಟ್ಟಿಗೆ, ಹೋಲಿಸಿ ಹಂಗಿಸಿದರಂತೆ. ಹಾಗೆ ಹಂಗಿಸಿದ ಮಾತನ್ನೇ ಅವನ ಕಡೆಯವರು ಹೆಸರಾಗಿಸಿಕೊಂಡರು. ಶಾನವೆಸ್ಟ್ ಎಂದರೆ ಹಳೆಯ ಒಳಕೋಟು. ಹೆಸರು ಹಗುರವೆನ್ನಿಸಿದರೂ ಜಗಳ ಹಗುರದ್ದಲ್ಲ. ಕ್ಯಾರವ್ಯಾಟರಲ್ಲಿ ಬಡ ಕೂಲಿಗಳೇ ಹೆಚ್ಚು, ಶಾನವೆಸ್ಟರ ಬೆನ್ನಿಗಿದ್ದವರು ಅನುಕೂಲಸ್ಥ ರೈತರು ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಕುಡಿದವರ ಹೊಡೆದಾಟ ಎಂದು ತಳ್ಳಿಹಾಕಿದ ಅಧಿಕಾರಿಗಳ ಕಣ್ಣಿಗೆ ಅದರೊಳಗಿನ ಹಸಿವು ಕಾಣಲಿಲ್ಲ.

ಇನ್ನೆರಡು ಬಣಗಳು ‘ಮೂರು ವರ್ಷದವರು’, ‘ನಾಲ್ಕು ವರ್ಷದವರು’. ಒಂದು ಹೋರಿಯ ವಯಸ್ಸೆಷ್ಟು ಎಂಬ ವಾದದಿಂದ ಶುರುವಾದ ದ್ವೇಷವೆಂದು ಜನ ಹೇಳುತ್ತಿದ್ದರು.

1834ರ ಜೂನ್ 24ರಂದು ಕೆರಿ ಕೌಂಟಿಯ ಕಡಲತೀರದಲ್ಲಿ ಕುದುರೆ ಪಂದ್ಯದ ದಿನ ನಡೆದ ಬಣಕಾಳಗದಲ್ಲಿ ಸುಮಾರು 20 ಜನ ಸತ್ತರು. ಅವರಲ್ಲಿ ಬಹಳಷ್ಟು ಮಂದಿ ಓಡಿಹೋಗುವಾಗ ನೀರು ಪಾಲಾದವರು.

ಪೊಲೀಸರೆಲ್ಲಿದ್ದರು ಎನ್ನುತ್ತೀರಾ? 1814ರಲ್ಲಿ ರಾಬರ್ಟ್ ಪೀಲ್ ಐರ್ಲೆಂಡಿನ ಮುಖ್ಯ ಕಾರ್ಯದರ್ಶಿಯಾಗಿದ್ದಾಗ ಶಾಂತಿಪಾಲನಾ ಪಡೆ ಕಟ್ಟಿದ. ಅದು ಮೊದಲು ಇಳಿದದ್ದು ಟಿಪ್ಪರರಿಯಲ್ಲೇ. ‘ಪೀಲರ್’ ಎಂಬ ಅಡ್ಡಹೆಸರು ಲಂಡನ್ ಪೊಲೀಸರಿಗಿಂತ 15 ವರ್ಷ ಹಳೆಯದಾದ ಪಡೆಯದು. ಪಡೆ ಬಂದರೆ ಖರ್ಚು ಆ ಸೀಮೆಯವರ ತಲೆಯ ಮೇಲೆ. ಹಾಗಾಗಿ ಅದನ್ನು ಕರೆಸಲು ಮ್ಯಾಜಿಸ್ಟ್ರೇಟರೇ ಹಿಂದೆಮುಂದೆ ನೋಡುತ್ತಿದ್ದರು.

ಇಷ್ಟಕ್ಕೂ ಜಗ್ಗದ ಸೀಮೆಗೆ ‘ಬಂಡಾಯ ಕಾಯ್ದೆ’. ಸೂರ್ಯ ಮುಳುಗಿದ ಮೇಲೆ ಕಾರಣವಿಲ್ಲದೆ ಮನೆಯಿಂದ ಹೊರಗೆ ಸಿಕ್ಕರೆ, ಜ್ಯೂರಿಯಿಲ್ಲದೆಯೇ ವಿಚಾರಣೆ, 7 ವರ್ಷ ಕಡಲಾಚೆಗೆ ಗಡೀಪಾರು.

ಗುಂಡಿನ ಕಥೆಯನ್ನೂ ಹೇಳಲೇಬೇಕು. 1831ರ ಜೂನ್ 18, ಶನಿವಾರ, ವೆಕ್ಸ್‌ಫರ್ಡ್ ಕೌಂಟಿಯ ನ್ಯೂಟೌನ್‌ಬ್ಯಾರಿ. ಪ್ರೊಟೆಸ್ಟಂಟ್ ಚರ್ಚಿಗೆ ದಶಾಂಶ ತೆರಿಗೆ ಕೊಡದ ಕ್ಯಾಥೊಲಿಕ್ ರೈತನ ಕಡಸುಗಳನ್ನು ಜಪ್ತಿ ಮಾಡಿ ಹರಾಜಿಗಿಟ್ಟಿದ್ದರು. ತಾನು ಕಾಲಿಡದ ಚರ್ಚಿಗೆ ತಾನೇಕೆ ತೆರಬೇಕು ಎಂಬ ಅವನ ಪ್ರಶ್ನೆ ನ್ಯಾಯವಾದದ್ದೇ. ಜನ ಅಡ್ಡಗಟ್ಟಿದರು. ಯೋಮನ್ರಿ ಎಂಬ, ಪ್ರೊಟೆಸ್ಟಂಟರೇ ತುಂಬಿದ್ದ ಸ್ವಯಂಸೇವಾ ಪಡೆ ಗುಂಡು ಹಾರಿಸಿತು. ಕನಿಷ್ಠ 12 ಜನ ಸತ್ತರು, ಕೆಲವು ಕಡಸುಗಳಿಗಾಗಿ! ಮೂರು ವರ್ಷಗಳಲ್ಲಿ ಆ ಪಡೆಯನ್ನೇ ವಿಸರ್ಜಿಸಲಾಯಿತು.

ಇದಕ್ಕೆ ಮೂರು ವರ್ಷ ಮೊದಲು, 1828ರ ಜುಲೈಯಲ್ಲಿ, ಎನ್ನಿಸ್ ಎಂಬ ಪೇಟೆ ಬೇರೆಯದೇ ದೃಶ್ಯ ಕಂಡಿತ್ತು. ಕ್ಯಾಥೊಲಿಕರ ನಾಯಕ ಡೇನಿಯಲ್ ಓಕಾನಲ್ ಅಲ್ಲಿ ಚುನಾವಣೆಗೆ ನಿಂತಿದ್ದ. ಊರಿಗೆ ಸಾವಿರಾರು ಜನ ಬಂದರು, ಸುತ್ತ ಸೈನ್ಯವೂ ಬಂತು. ವಿಸ್ಕಿ ಮುಟ್ಟಬೇಡಿ, ಕೈ ಎತ್ತಬೇಡಿ ಎಂದು ಅವನ ಕಡೆಯವರು ಹೇಳಿದ್ದಷ್ಟೇ, ಜನ ಕೇಳಿದರು. 2,057 ಮತಗಳಿಗೆ 982, ಓಕಾನಲ್ ಗೆದ್ದ. ಸೈನ್ಯಕ್ಕೆ ಕೆಲಸವೇ ಬೀಳಲಿಲ್ಲ.

1836ರಲ್ಲಿ ಐರಿಷ್ ಕಾನ್‌ಸ್ಟ್ಯಾಬ್ಯುಲರಿ ಎಂಬ ಪೊಲೀಸ್ ಪಡೆ ಒಂದೇ ಕೇಂದ್ರದ ಕೆಳಗೆ ಬಂತು. ಪೇದೆಗಳನ್ನು ನೇಮಿಸುವ ಅಧಿಕಾರ ಜಮೀನ್ದಾರ ಮ್ಯಾಜಿಸ್ಟ್ರೇಟರ ಕೈತಪ್ಪಿತು. ಇದೇ ಮಾದರಿಯನ್ನು 1843ರಲ್ಲಿ ಚಾರ್ಲ್ಸ್ ನೇಪಿಯರ್ ಸಿಂಧ್ ಪ್ರಾಂತಕ್ಕೆ ತಂದ. ಬ್ರಿಟಿಷ್ ಭಾರತದ ಪೊಲೀಸ್ ವ್ಯವಸ್ಥೆಗೆ ಅಲ್ಲಿಂದಲೇ ಅಚ್ಚು ಸಿಕ್ಕಿತು. ಅಂದಹಾಗೆ, ಅಕ್ರಮ ಕೂಟ ಎನ್ನಿಸಿಕೊಳ್ಳಲು ನಮ್ಮ ಕಾನೂನಿನಲ್ಲಿ 12 ಜನ ಬೇಕಿಲ್ಲ, ಐದೇ ಸಾಕು.

1836ರ ಆ ಬದಲಾವಣೆಯ ಹಿಂದಿದ್ದವನು ಥಾಮಸ್ ಡ್ರಮಂಡ್, ಎಡಿನ್‌ಬರೊದಲ್ಲಿ ಹುಟ್ಟಿದ ಎಂಜಿನಿಯರ್. ಭೂಮಾಪನಕ್ಕೆಂದು ಸುಣ್ಣವನ್ನು ಕಾಯಿಸಿ ಉಜ್ವಲ ಬೆಳಕು ಬರಿಸಿದವನು. ಡೊನೆಗಾಲ್‌ನ ಬೆಟ್ಟದ ಮೇಲೆ ಉರಿಸಿದ ಆ ದೀಪ 60 ಮೈಲಿಗೂ ಆಚೆ ಬೆಲ್‌ಫಾಸ್ಟ್ ಬಳಿಯ ಬೆಟ್ಟಕ್ಕೆ ಕಂಡಿತ್ತು! ಆಮೇಲೆ ಡಬ್ಲಿನ್ನಿನಲ್ಲಿ ಉಪಕಾರ್ಯದರ್ಶಿಯಾದ. 1838ರಲ್ಲಿ ಟಿಪ್ಪರರಿಯ ಮ್ಯಾಜಿಸ್ಟ್ರೇಟರು ಇನ್ನಷ್ಟು ಕಠಿಣ ಕಾನೂನು ಬೇಕೆಂದು ಬರೆದಾಗ, ಆಸ್ತಿಗೆ ಹಕ್ಕುಗಳಿರುವಂತೆ ಕರ್ತವ್ಯಗಳೂ ಇವೆ ಎಂದು ಉತ್ತರ ಕೊಟ್ಟ. ಜಮೀನ್ದಾರರು ಸಿಟ್ಟಾದರು. ಎರಡೇ ವರ್ಷಕ್ಕೆ, 42ರ ವಯಸ್ಸಿನಲ್ಲಿ ಡ್ರಮಂಡ್ ತೀರಿಕೊಂಡ. ತನ್ನನ್ನು ಐರ್ಲೆಂಡಿನ ಮಣ್ಣಿನಲ್ಲೇ ಹೂಳಬೇಕೆಂದು ಕೇಳಿಕೊಂಡಿದ್ದ. ಡಬ್ಲಿನ್ನಿನ ಮೌಂಟ್ ಜೆರೋಮ್‌ನಲ್ಲಿ ಅವನ ಸಮಾಧಿ ಇದೆ.