ಫೋನಿನಲ್ಲಿ ಡೊಳ್ಳು ಸೊರಗುವುದೇಕೆ?

ಬೀರಪ್ಪನ ಜಾತ್ರೆಯಲ್ಲಿ ಡೊಳ್ಳಿನ ಮೇಳದ ಎದುರು ನಿಂತರೆ ಸದ್ದು ಎದೆಗೂಡನ್ನೇ ಅದುರಿಸುತ್ತದೆ. ಅದೇ ಕುಣಿತವನ್ನು ಮೊಬೈಲಿನಲ್ಲಿ ಹಾಕಿ ನೋಡಿ, ತಗಡಿನ ಡಬ್ಬ ಬಡಿದಂತಿರುತ್ತದೆ. ಡೊಳ್ಳು ಕಲಿಸುವ ಜಾಲತಾಣ ಕಟ್ಟಲು ಹೊರಟವರು ಪುಟದ ಅಂದಚೆಂದಕ್ಕಿಂತ ಮೊದಲು ಯೋಚಿಸಬೇಕಾದದ್ದು ಇದನ್ನೇ.

ಮಂದ್ರ ಸದ್ದಿಗೆ ಬಹಳ ಗಾಳಿ ಅಲುಗಬೇಕು. ಕಂಪನಾಂಕ ಅರ್ಧಕ್ಕಿಳಿದರೆ, ಅಷ್ಟೇ ತೀವ್ರತೆಯ ಸದ್ದು ಹೊರಡಿಸಲು 4 ಪಟ್ಟು ಗಾಳಿಯನ್ನು ತಳ್ಳಬೇಕಾಗುತ್ತದೆ. ಉಗುರಗಲದ ಫೋನ್ ಸ್ಪೀಕರಿಗೆ ಆ ಶಕ್ತಿ ಎಲ್ಲಿಂದ ಬರಬೇಕು?

ಆದರೂ ನಮ್ಮ ಕಿವಿ ಕೆಲವೊಮ್ಮೆ ಕಳೆದುಹೋದದ್ದನ್ನು ತುಂಬಿಕೊಡುತ್ತದೆ. ಹಳೆಯ ಟೆಲಿಫೋನ್ ತಂತಿ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಸದ್ದನ್ನಷ್ಟೇ ದಾಟಿಸುತ್ತಿತ್ತು. ಗಂಡಸರ ದನಿಯ ಮೂಲ ಕಂಪನ ಸುಮಾರು 120 ಹರ್ಟ್ಸ್. ಅಂದರೆ ಅದು ತಂತಿಯೊಳಗೆ ಬರುತ್ತಲೇ ಇರಲಿಲ್ಲ. ಅಪ್ಪನ ದನಿ ಮಾತ್ರ ಅಪ್ಪನ ದನಿಯಂತೆಯೇ ಕೇಳುತ್ತಿತ್ತು. ಮೂಲ ಸ್ವರದ ಎರಡು, ಮೂರು, ನಾಲ್ಕು ಪಟ್ಟಿನ ಉಪಸ್ವರಗಳು ಸಿಕ್ಕರೆ ಸಾಕು, ಮಿದುಳು ಮೂಲವನ್ನು ಊಹಿಸಿಕೊಳ್ಳುತ್ತದೆ.

ಬರೀ ಚರ್ಮದ ವಾದ್ಯದಲ್ಲಿ ಈ ಲೆಕ್ಕ ಕೂಡಿಬರುವುದಿಲ್ಲ. ಬಿಗಿದ ಚರ್ಮದ ಉಪಸ್ವರಗಳು ಮೂಲದ 1.59 ಪಟ್ಟು, 2.14 ಪಟ್ಟು ಎಂದು ಅಡ್ಡಾದಿಡ್ಡಿಯಾಗಿರುತ್ತವೆ. ಮೃದಂಗದ ಕಪ್ಪು ಕರಣೆ ಇದನ್ನು ಸರಿಪಡಿಸುತ್ತದೆ. ನಡುವೆ ಮೆತ್ತಿದ ಆ ಭಾರದಿಂದ ಉಪಸ್ವರಗಳು ಪೂರ್ಣಾಂಕಗಳ ಸಾಲಿಗೆ ಬರುತ್ತವೆ ಎಂದು ಸಿ. ವಿ. ರಾಮನ್ ಮತ್ತು ಶಿವಕಾಳಿ ಕುಮಾರ್ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ರಾಮನ್ ಅದನ್ನೇ ವಿಸ್ತಾರವಾಗಿ ಬರೆದರು. ಹೆಸರಿಲ್ಲದ ಯಾವ ಕುಶಲಿ ಮೊದಲು ಕರಣೆ ಹಚ್ಚಿದನೋ, ಅವನ ಕಿವಿಗೆ ನಾನು ಕೈಮುಗಿಯುತ್ತೇನೆ.

ಡೊಳ್ಳಿಗೆ, ತಮಟೆಗೆ ಅಂಥ ಕರಣೆಯಿಲ್ಲ. ಹಾಗಾಗಿ ಸ್ಪೀಕರು ಮಂದ್ರವನ್ನು ನುಂಗಿದರೆ ಕಿವಿಗೂ ಅದನ್ನು ಮರಳಿ ಕಟ್ಟುವ ದಾರಿಯಿಲ್ಲ. ಜಾಲತಾಣದ ಬಾಗಿಲಲ್ಲೇ ಒಂದು ಮಂದ್ರ ಪೆಟ್ಟು ನುಡಿಸಿ ‘ಇದು ಕೇಳಿತೆ?’ ಎಂದು ಕೇಳಬೇಕು. ಕೇಳದವರಿಗೆ ಹೆಡ್‌ಫೋನ್ ಹಾಕಿಕೊಳ್ಳಲು ಹೇಳಬೇಕು. ಅದೂ ತಂತಿಯದ್ದಾದರೆ ಒಳ್ಳೆಯದು. ಬ್ಲೂಟೂತ್ ತರುವ ವಿಳಂಬ ತಾಳದ ಜೊತೆ ಕೈತಟ್ಟುವವರನ್ನು ದಾರಿತಪ್ಪಿಸುತ್ತದೆ.

ಡೊಳ್ಳಿನ ಒಂದು ಮುಖಕ್ಕೆ ಕೋಲು, ಇನ್ನೊಂದಕ್ಕೆ ಅಂಗೈ. ಎರಡಕ್ಕೂ ಬೇರೆ ಬೇರೆ ಮೈಕಿಟ್ಟು ಧ್ವನಿಮುದ್ರಿಸಿದರೆ, ಕಲಿಯುವವರು ಒಂದನ್ನು ನಿಲ್ಲಿಸಿ ಇನ್ನೊಂದನ್ನಷ್ಟೇ ಕೇಳಬಹುದು. ನಿಧಾನಗತಿಯ ಪಾಠಕ್ಕೆ ಮಾತ್ರ ಕಂಪ್ಯೂಟರನ್ನು ನಂಬಬಾರದು. ಸ್ವರ ಕೆಡದಂತೆ ಮುದ್ರಣವನ್ನು ಎಳೆದು ಉದ್ದ ಮಾಡುವ ತಂತ್ರಾಂಶವಿದೆ, ನಿಜ. ಆದರೆ ಹಾಗೆ ಎಳೆದಾಗ ಪೆಟ್ಟಿನ ಮೊನೆ ಮಸುಕಾಗುತ್ತದೆ, ಮತ್ತು ತಾಳವಾದ್ಯದಲ್ಲಿ ಕಲಿಯಬೇಕಾದದ್ದೇ ಆ ಮೊನೆಯನ್ನು. ಕಲಾವಿದರೇ ನಿಧಾನವಾಗಿ ಇನ್ನೊಮ್ಮೆ ಬಾರಿಸಿಕೊಡಲಿ, ಆ ದುಡಿಮೆಗೆ ಸಂಭಾವನೆಯೂ ಸಲ್ಲಲಿ.

ವಿಡಿಯೊ ತೆಗೆಯುವಾಗ ಬೆರಳುಗಳ ಹತ್ತಿರದ ನೋಟ ಎಲ್ಲರಿಗೂ ಹೊಳೆಯುತ್ತದೆ. ಆದರೆ ಡೊಳ್ಳಿನವರು ಕೂತು ಬಾರಿಸುವುದಿಲ್ಲ. ಹೆಜ್ಜೆಯಿಟ್ಟು, ಬಾಗಿ, ಎದ್ದು ಬಾರಿಸುತ್ತಾರೆ. ಕ್ಯಾಮೆರಾ ಪಾದ ಕಾಣುವಷ್ಟು ಹಿಂದೆ ಸರಿಯಬೇಕು.