ಒಂಟಿ ಗುಂಡಿನ ರೈಫಲ್: ಖಾಲಿ ಕಾಡತೂಸು ಚಿಮ್ಮಬೇಕೇ, ಇಣುಕಿದರೆ ಸಾಕೇ?

ಮಧ್ಯದಲ್ಲಿ ಮಡಚಿ ತೆರೆಯುವ ಒಂಟಿ ಗುಂಡಿನ ರೈಫಲ್‌ನಲ್ಲಿ ಎರಡನೆಯ ಗುಂಡಿಗೆ ಜಾಗವಾಗಬೇಕಾದರೆ ಮೊದಲನೆಯದರ ಖಾಲಿ ಕಾಡತೂಸು ಹೊರಬರಲೇಬೇಕು. ಎಕ್ಸ್‌ಟ್ರಾಕ್ಟರ್ ಅದನ್ನು ಕೆಲವು ಮಿಲಿಮೀಟರ್‌ಗಳಷ್ಟು ಮಾತ್ರ ಹೊರದೂಡುತ್ತದೆ. ಉಳಿದುದು ಬೆರಳುಗಳ ಕೆಲಸ. ಎಜೆಕ್ಟರ್ ಸ್ಪ್ರಿಂಗ್‌ನ ಬಲದಿಂದ ಅದನ್ನು ಹೊರಕ್ಕೇ ಚಿಮ್ಮಿಸುತ್ತದೆ.

ಅಮೆರಿಕದ ಥಾಂಪ್ಸನ್ ಸೆಂಟರ್ ಸಂಸ್ಥೆಯ ಎನ್ಕೋರ್ ಮೊದಲ ಬಗೆಯದು. 2015ರಲ್ಲಿ ತಯಾರಿಕೆ ನಿಂತ ಹ್ಯಾಂಡಿ ರೈಫಲ್‌ನ ಹಲವು ಮಾದರಿಗಳು ಎರಡನೆಯ ಬಗೆಯವು.

ಗಾಯಗೊಂಡ ಪ್ರಾಣಿ ಎದುರಿಗಿದ್ದಾಗ ಎಜೆಕ್ಟರ್ ಉಳಿಸುವ ಕ್ಷಣಗಳು ಅಮೂಲ್ಯ. ಆದರೆ ಇಂತಹ ಸರಳ ಎಜೆಕ್ಟರ್‌ಗೆ ಸಿಡಿದುದು, ಸಿಡಿಯದುದು ಎಂಬ ಭೇದವಿಲ್ಲ. ಜೀವಂತ ಗುಂಡೂ ನೆಲಕ್ಕೆ ಬೀಳುತ್ತದೆ. ಹಿತ್ತಾಳೆಯ ಕೋಶಕ್ಕೆ ಮತ್ತೆ ಮದ್ದು ತುಂಬಿ ಬಳಸುವವರಿಗೆ ಅದು ಕೈಯಲ್ಲೇ ಉಳಿಯುವುದು ಲಾಭ. ಯಾವ ಬಗೆಯದೇ ಇರಲಿ, ನಳಿಗೆ ಬರಿದಾಗಿದೆಯೇ ಎಂಬುದನ್ನು ಕಣ್ಣಾರೆ ಕಂಡೇ ಖಚಿತಪಡಿಸಿಕೊಳ್ಳಬೇಕು.