ತುಕ್ಕು ಕಲಿಸುವ ಪಾಠ

ಮಳೆಗಾಲದಲ್ಲಿ ಅಂಗಳದಲ್ಲಿಯೇ ಉಳಿದ ಗುದ್ದಲಿಗೆ ತುಕ್ಕು ಹಿಡಿಯುವುದನ್ನು ಎಲ್ಲರೂ ಬಲ್ಲರು. ಹಾಗಾದರೆ ತುಕ್ಕು ಹಿಡಿಯುವಾಗ ತೂಕವು ಹೆಚ್ಚುವುದೋ, ಕಡಿಮೆಯಾಗುವುದೋ? ತುಕ್ಕು ಕಬ್ಬಿಣವನ್ನು ತಿನ್ನುವುದೆಂಬ ಮಾತನ್ನು ಕೇಳಿ ಬೆಳೆದವರು ಕಡಿಮೆಯಾಗುವುದೆಂದೇ ಹೇಳಿಯಾರು. ಪುಸ್ತಕವನ್ನು ತೆರೆಯುವ ಮೊದಲು ತಕ್ಕಡಿಯನ್ನೇ ಏಕೆ ಕೇಳಬಾರದು?

ವಿಜ್ಞಾನದ ಪಾಠವು ಹೀಗೆ ಪ್ರಶ್ನೆಯಿಂದಲೇ ಮೊದಲಾಗಬೇಕೆಂದು ವಾದಿಸಿದವನು ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಹೆನ್ರಿ ಆರ್ಮ್‌ಸ್ಟ್ರಾಂಗ್ (1848–1937). ಅವನ ಬೋಧನಾಕ್ರಮಕ್ಕೆ ‘ಹ್ಯೂರಿಸ್ಟಿಕ್’ ಎಂದು ಹೆಸರು. ‘ಕಂಡುಹಿಡಿ’ ಎಂಬರ್ಥದ ಗ್ರೀಕ್ ಪದದಿಂದ ಇದು ಬಂದಿದೆ. ಅವನು ಎತ್ತಿಕೊಂಡ ಉದಾಹರಣೆಗಳಲ್ಲಿ ಕಬ್ಬಿಣದ ತುಕ್ಕೂ ಒಂದು.

ಒಂದು ಚಿಕ್ಕ ತಟ್ಟೆಯಲ್ಲಿ ಕಬ್ಬಿಣದ ಅರದ ಪುಡಿಯನ್ನು ತೂಗಿ, ಒದ್ದೆಮಾಡಿ ಕೆಲವು ದಿನ ಇಡಿರಿ. ತುಕ್ಕು ಹಿಡಿದ ಮೇಲೆ ಚೆನ್ನಾಗಿ ಒಣಗಿಸಿ ಮತ್ತೆ ತೂಗಿದರೆ, ತೂಕವು ಹೆಚ್ಚಿರುವುದು! ಹೊರಗಿನಿಂದ ಏನೋ ಬಂದು ಸೇರಿತೆಂದಾಯಿತು. ಅದು ಬಂದುದು ನೀರಿನಿಂದಲೋ, ಗಾಳಿಯಿಂದಲೋ?

ಈಗ ಎರಡು ಪ್ರನಾಳಗಳನ್ನು ತೆಗೆದುಕೊಳ್ಳಿರಿ. ಒಂದರ ಒಳಮೈಯನ್ನು ಒದ್ದೆಮಾಡಿ ಅರದ ಪುಡಿಯನ್ನು ಅಂಟಿಸಿರಿ, ಇನ್ನೊಂದು ಬರಿದಾಗಿರಲಿ. ಎರಡನ್ನೂ ನೀರಿನ ಪಾತ್ರೆಯಲ್ಲಿ ಬೋರಲಾಗಿ ನಿಲ್ಲಿಸಿರಿ. ದಿನಗಳು ಕಳೆದಂತೆ ಪುಡಿಯಿರುವ ಪ್ರನಾಳದಲ್ಲಿ ನೀರು ಮೇಲೇರಿ, ಗಾಳಿಯಿದ್ದ ಸ್ಥಳದ ಸುಮಾರು ಐದರಲ್ಲಿ ಒಂದು ಪಾಲನ್ನು ತುಂಬಿ ನಿಲ್ಲುವುದು. ಬರಿದಾದ ಪ್ರನಾಳದಲ್ಲಿ ಹೀಗಾಗದು. ಆದುದರಿಂದ ನೀರೇರಲು ಹವೆಯ ಸೆಕೆ ಚಳಿಗಳು ಕಾರಣವಲ್ಲ. ಕಬ್ಬಿಣವು ಗಾಳಿಯ ಒಂದು ಭಾಗವನ್ನು ಹೀರಿಕೊಂಡಿದೆ.

ಪುಡಿಯು ಮುಗಿದುದರಿಂದ ನೀರು ನಿಂತಿತೆಂದು ಯಾರಾದರೂ ಶಂಕಿಸಬಹುದು. ಶಂಕೆಯು ಯೋಗ್ಯವಾದುದೇ. ಪುಡಿಯನ್ನು ಇಮ್ಮಡಿಗೊಳಿಸಿ ನೋಡಿರಿ. ನೀರು ಅದೇ ಮಟ್ಟದಲ್ಲಿ ನಿಲ್ಲುವುದು. ಬಳಿಕ ಪ್ರನಾಳದ ಬಾಯನ್ನು ನೀರಿನೊಳಗೇ ಬೆರಳಿನಿಂದ ಮುಚ್ಚಿ, ಮೇಲೆತ್ತಿ ನೆಟ್ಟಗೆ ಹಿಡಿದು, ಉರಿಯುವ ಕಡ್ಡಿಯೊಂದನ್ನು ಒಳಕ್ಕಿಳಿಸಿರಿ. ಅದು ಆರಿಹೋಗುವುದು. ಉರಿಯಲು ನೆರವಾಗುವ ಭಾಗವನ್ನೇ ಕಬ್ಬಿಣವು ಸೆಳೆದುಕೊಂಡಿತೆಂದು ಇದರಿಂದ ತಿಳಿಯುವುದು.

ಆ ಭಾಗದ ಹೆಸರು ಆಮ್ಲಜನಕವೆಂಬುದು ಮಾತ್ರ ಪ್ರನಾಳದಲ್ಲಿ ಕಾಣದು. ಅದನ್ನು ಉಪಾಧ್ಯಾಯರೇ ಹೇಳಬೇಕು. ಶತಮಾನಗಳ ಶೋಧವನ್ನೆಲ್ಲ ಒಬ್ಬ ವಿದ್ಯಾರ್ಥಿಯು ಹೊಸದಾಗಿ ನಡೆಸಲಾರನು. ಯಾವ ಪ್ರಶ್ನೆಯನ್ನು ಮಕ್ಕಳ ಕೈಗೆ ಕೊಡಬೇಕು, ಯಾವ ಸಂಗತಿಯನ್ನು ತಾನೇ ತಿಳಿಸಬೇಕು ಎಂಬ ವಿವೇಚನೆಯೇ ಇಲ್ಲಿ ಉಪಾಧ್ಯಾಯನ ಕಲೆ.

ಇನ್ನು ವಿದ್ಯಾರ್ಥಿಗೆ ಒಂದು ಮಾತು. ಗಾಳಿಯಲ್ಲಿ ಆಮ್ಲಜನಕವು ಶೇಕಡ 21ರಷ್ಟಿರುವುದೆಂದು ಪುಸ್ತಕವು ಹೇಳುತ್ತದೆ. ನಿಮ್ಮ ಅಳತೆಯಲ್ಲಿ ಶೇಕಡ 17 ಬಂದರೆ, 17 ಎಂದೇ ಬರೆಯಿರಿ. ಪುಸ್ತಕದ ಅಂಕಿಯನ್ನು ನಕಲು ಮಾಡಿದರೆ ಅಂಕ ದೊರೆತೀತು. ಆದರೆ ವ್ಯತ್ಯಾಸವೇಕೆ ಬಂದಿತು, ಇನ್ನೆರಡು ದಿನ ಕಾಯಬೇಕಾಗಿತ್ತೇ ಎಂಬ ಮುಂದಿನ ಪ್ರಶ್ನೆಯು ಹುಟ್ಟದೆ ಹೋಗುವುದು.